ಬಿಸಿನೀರಿಗೆ ಕಳಿಸುತ್ತಿದ್ದ ಡಾಕ್ಟರಮ್ಮ

ಹೋದ ತಿಂಗಳು ಸಕಲೇಶಪುರದ ನಮ್ಮ ಆಸ್ಪತ್ರೆಯಲ್ಲಿ ಡಾಕ್ಟರಮ್ಮನನ್ನು ಬೀಳ್ಕೊಟ್ಟೆವು. ಮಾತನಾಡಿದ ಐದು ಜನರೂ ಅವರನ್ನು ಕರುಣಾಮಯಿ ಎಂದರು. ಒಬ್ಬರಂತೂ ಎರಡು ಸಲ ಅಂದರು. ಈ ಮಾತನ್ನು ನಾನು ಒಪ್ಪುವುದಿಲ್ಲ. ಮೂರು ವರ್ಷ ಅವರ ಜೊತೆ ಕೆಲಸ ಮಾಡಿದ್ದೇನೆ. ಕರುಣೆಗೆ ಪುರಾವೆ ಎಂದು ಮುಂದಿಡಬಹುದಾದ ಒಂದು ಪ್ರಸಂಗವೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅವರು ರೋಗಿಗಳ ತಲೆ ಸವರುತ್ತಿರಲಿಲ್ಲ. ‘ಏನೂ ಆಗಲ್ಲ, ಧೈರ್ಯವಾಗಿರಿ’ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಏನಾಗಬಹುದೋ ಅದನ್ನು ಹೇಳುತ್ತಿದ್ದರು. ಹೇಳಿ ಮುಗಿಸಿ, ಸ್ವೆಟರಿನ ಜೇಬಿನಿಂದ ಒಂದು ಏಲಕ್ಕಿ ತೆಗೆದು ಸುಲಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಅವರು ಅರಿವಳಿಕೆ ವೈದ್ಯೆ. ನಮ್ಮ ಕಡೆಯ ಮಾತಿನಲ್ಲಿ ‘ಮತ್ತು ಕೊಡೋ ಡಾಕ್ಟ್ರಮ್ಮ’. ನಮ್ಮಲ್ಲಿಗೆ ಬರುವ ಆಪರೇಷನ್‌ಗಳಲ್ಲಿ ಹೆಚ್ಚಿನವು ಮೂಳೆಯವು, ಅದರಲ್ಲೂ ಬಚ್ಚಲಲ್ಲಿ, ಜಗಲಿಯಲ್ಲಿ, ತೋಟದ ಏರಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮುದುಕ ಮುದುಕಿಯರವು. ಮೂಳೆ ಡಾಕ್ಟರ ಮುಖ ಬಸ್ ಸ್ಟ್ಯಾಂಡಿನ ಬೋರ್ಡಿನಲ್ಲೇ ಇದೆ. ಇವರ ಮುಖ ಎಲ್ಲೂ ಇಲ್ಲ. "ಅವ್ರು ಬಡಗಿ ಕಣೋ, ನಾನು ಕರೆಂಟ್ ನೋಡ್ಕೊಳ್ಳೋಳು. ದೀಪ ಆರೋ ತನಕ ಕರೆಂಟಿನವಳ್ನ ಯಾರೂ ಕೇಳಲ್ಲ" ಎನ್ನುತ್ತಿದ್ದರು. ರೋಗಿಗಳಿಗೆ ಎಚ್ಚರವೇ ಇರುವುದಿಲ್ಲವಾದ್ದರಿಂದ ತಮ್ಮ ನೆನಪೂ ಇರುವುದಿಲ್ಲ ಎಂದೂ ಸೇರಿಸುತ್ತಿದ್ದರು. ಇದು ಸುಳ್ಳು. ವಯಸ್ಸಾದವರಿಗೆ ಹೆಚ್ಚಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುತ್ತಿದ್ದರು. ಆಪರೇಷನ್ ಮುಗಿಯುವ ತನಕ ತಲೆಯ ಹತ್ತಿರ ಕೂತು ಈ ಸಲ ಮೆಣಸಿನ ಬಳ್ಳಿಗೆ ಯಾವ ರೋಗ ಬಂದಿದೆ ಎಂದು ಅವರ ಜೊತೆ ಚರ್ಚೆ ಮಾಡುತ್ತಿದ್ದರು. ಡಾಕ್ಟರಮ್ಮ ಯಸಳೂರಿನ ತೋಟದ ಕಡೆಯವರು, ಬಳ್ಳಿಯ ರೋಗದ ವಿಷಯದಲ್ಲಿ ಅವರ ಜ್ಞಾನ ಮನುಷ್ಯರ ರೋಗಕ್ಕಿಂತ ಕಡಿಮೆಯೇನೂ ಇರಲಿಲ್ಲ.

ನಾನು ಎಂಬಿಬಿಎಸ್ ಮುಗಿಸಿ ಡ್ಯೂಟಿ ಡಾಕ್ಟರಾಗಿ ಸೇರಿದವನು. ಊರು ಆಲೂರು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಹೋಗುತ್ತಿದ್ದೆ, ಗೆಲ್ಲುತ್ತಿದ್ದೆ, ಗೆದ್ದದ್ದನ್ನು ಹೇಳಿಕೊಳ್ಳುತ್ತಿದ್ದೆ. ಮೊದಲ ವಾರದಲ್ಲೇ ಇದನ್ನು ಅವರ ಮುಂದೆಯೂ ಹೇಳಿದ್ದರಿಂದ ನನಗೆ ಅಪ್ಪ ಅಮ್ಮ ಇಟ್ಟ ಹೆಸರು ಅಲ್ಲಿಗೆ ಮುಗಿಯಿತು. "ಏನು ಡಿಬೇಟು, ಇವತ್ತು ಪರಾನೋ ವಿರೋಧಾನೋ?"

ಮೊದಲ ದಿನ ನಾನು ವಿರೋಧವೇ ಆಗಿದ್ದೆ. ಅವರ ಕೆಲಸದ ಕ್ರಮ ಹೀಗಿತ್ತು. ಹೊಸ ರೋಗಿಯ ಹಾಸಿಗೆಯ ಸುತ್ತ ಮಗ, ಸೊಸೆ, ಮಗಳು, ಅಳಿಯ, ಪಕ್ಕದ ಮನೆಯವರು ಎಲ್ಲ ಇರುತ್ತಾರೆ. ಇವರು ಬಂದವರೇ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಚ್ಚುತ್ತಿದ್ದರು. ಒಬ್ಬರು ಹಳೆಯ ಚೀಟಿ ತರಬೇಕು, ಒಬ್ಬರು ಔಷಧಿ ಅಂಗಡಿಗೆ ಹೋಗಬೇಕು, ಇನ್ನೊಬ್ಬರು ಫ್ಲಾಸ್ಕ್ ಹಿಡಿದು ಕೆಳಗಿನ ಕ್ಯಾಂಟೀನಿನಿಂದ ಬಿಸಿನೀರು ತರಬೇಕು. ಬಿಸಿನೀರು ಯಾರಿಗೂ ಬೇಕಾಗಿರುತ್ತಿರಲಿಲ್ಲ. ಎಲ್ಲರೂ ಹೋದ ಮೇಲೆ, ಬಚ್ಚಲಲ್ಲಿ ಕೂರುವಂಥ ಗಿಡ್ಡ ಪ್ಲಾಸ್ಟಿಕ್ ಸ್ಟೂಲು ಎಳೆದುಕೊಂಡು ಕೂರುತ್ತಿದ್ದರು. ಸ್ಟೂಲು ಯಾಕೆ ಎಂದು ಕೇಳಿದ್ದೆ. "ನಿಂತ್ಕೊಂಡು ಮಾತಾಡಿದ್ರೆ ಮಲಗಿರೋರಿಗೆ ನನ್ನ ಮೂಗಿನ ಹೊಳ್ಳೆ ಕಾಣುತ್ತೆ ಮಾರಾಯ."

ಆಮೇಲೆ ಕೇಳುತ್ತಿದ್ದರು. ಮೊದಲು ಊರು, ಕೆಲಸ, ಈಗ ಮನೆಯಲ್ಲಿ ಹಸು ಕರೆಯುವವರು ಯಾರು ಎಂಬಂಥದ್ದು. ಕೊನೆಗೆ ಎರಡು ಪ್ರಶ್ನೆ. "ಆಪರೇಷನ್ ಟೇಬಲ್ ಮೇಲೆ ನಿಮ್ಮ ಎದೆ ನಿಂತುಹೋಯ್ತು ಅನ್ನಿ, ಅದು ನಾನು ಕೊಟ್ಟ ಮದ್ದಿಂದ ಆಗಿರಬಹುದು, ಅದನ್ನ ಮತ್ತೆ ಶುರು ಮಾಡಿಸೋ ಜವಾಬ್ದಾರಿ ನಂದು. ಅದಕ್ಕೆ ಒಪ್ಪಿಗೆನಾ? ಇನ್ನು, ಎಲ್ಲ ಮುಗಿದು ವಾರ್ಡಲ್ಲಿರುವಾಗ ತಾನಾಗೇ ನಿಂತರೆ ಏನು ಮಾಡೋಣ? ಎದೆ ಮೇಲೆ ಜೋರಾಗಿ ಒತ್ತಬೇಕಾಗುತ್ತೆ, ಪಕ್ಕೆ ಮೂಳೆ ಮುರಿಯುತ್ತೆ, ಬಾಯಲ್ಲಿ ಕೊಳವೆ ಇಳಿಸಬೇಕಾಗುತ್ತೆ. ನಿಮ್ಮ ವಯಸ್ಸಲ್ಲಿ ಎದ್ದು ಮನೆಗೆ ಹೋಗೋರು ಕಡಿಮೆ, ಇಲ್ಲವೇ ಇಲ್ಲ ಅಂತ ಹೇಳಲ್ಲ. ಒತ್ತಲಾ, ಬಿಡಲಾ?"

ಇದನ್ನು ಮೊದಲ ಸಲ ಕೇಳಿಸಿಕೊಂಡಾಗ ನನಗೆ ಗಾಬರಿಯಾಯಿತು. ಮಲಗಿದ್ದ ಅಜ್ಜಿಗೆ ಆಗಲಿಲ್ಲ. "ನಾಳೆ ಕೇಳವ್ವ. ಇವತ್ತು ಮಗಳು ಮೀನು ತತ್ತೀನಿ ಅಂದವ್ಳೆ" ಎಂದಳು. ಇವರು ಕೇಸ್ ಶೀಟಿನಲ್ಲಿ ಕನ್ನಡದಲ್ಲಿ ಹಾಗೇ ಬರೆದರು: ‘ನಾಳೆ ಕೇಳಬೇಕು. ಇಂದು ಮೀನು.’ ಮಾರನೆಯ ದಿನ ಕೇಳಿದರು.

ರೋಗಿಯ ಉತ್ತರವನ್ನು ರೋಗಿಯ ಮಾತಿನಲ್ಲೇ ಬರೆಯಬೇಕು ಎಂಬುದು ಅವರ ಹಟ. ಇಂಗ್ಲಿಷಿಗೆ ತಿರುಗಿಸಿದರೆ ಎಲ್ಲರ ಉತ್ತರವೂ ಒಂದೇ ಆಗಿಬಿಡುತ್ತದಂತೆ. ಒಬ್ಬ ಮುದುಕ "ಎಬ್ಬಿಸ್ರಿ, ಬುಡಬ್ಯಾಡಿ, ತಮ್ಮನ ಜೊತೆ ಒಂದು ಜಗಳ ಬಾಕಿ ಐತೆ" ಎಂದಿದ್ದ. ಅದೂ ಶೀಟಿನಲ್ಲಿದೆ. ಅವನ ವಿಷಯದಲ್ಲಿ ಇವರು ನರ್ಸುಗಳಿಗೆಲ್ಲ ಕಟ್ಟುನಿಟ್ಟಾಗಿ ಹೇಳಿದ್ದರು: ಏನೇ ಆಗಲಿ, ಪೂರ್ತಿ ಪ್ರಯತ್ನ ಮಾಡಬೇಕು, ಆ ಮನುಷ್ಯನಿಗೆ ಕೆಲಸ ಇದೆ. ಅವನಿಗೆ ಏನೂ ಆಗಲಿಲ್ಲ. ವಾಕರ್ ಹಿಡಿದು ಜಗಳಕ್ಕೆ ಹೋದ.

ಪಾಳ್ಯದ ಒಬ್ಬ ಅಜ್ಜಿ, ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ಹೊಸ ಕೀಲು ಹಾಕಿದ ಮೇಲೆ ಇನ್ನು ಚಕ್ಕಳಮಕ್ಕಳ ಹಾಕಿ ಕೂರುವಂತಿಲ್ಲ ಎಂದು ಫಿಸಿಯೊಥೆರಪಿಯ ಹುಡುಗಿ ಹೇಳಿದಾಗ ಅವರ ಮುಖ ಸಣ್ಣಗಾಯಿತು. "ಹಂಗಾರೆ ನನ್ನ ಮಣ್ಣು ಮಾಡೋದೆಂಗೆ? ನಮ್ಮಲ್ಲಿ ಕೂರ್ಸಿ ಇಡೋದು ಕಣವ್ವ." ಹುಡುಗಿಗೆ ಪಠ್ಯದಲ್ಲಿ ಇದು ಇರಲಿಲ್ಲ. ಡಾಕ್ಟರಮ್ಮ ಏಲಕ್ಕಿ ಜಗಿಯುತ್ತ ಹೇಳಿದರು: "ಅವತ್ತೊಂದಿನ ನಮ್ಮ ಮಾತು ಕೇಳಬೇಡಿ ಅಜ್ಜಿ. ಆರಾಮಾಗಿ ಕೂತ್ಕೊಳ್ಳಿ." ಅಜ್ಜಿ ನಕ್ಕು ಒಪ್ಪಿದರು. ಇದನ್ನು ಕರುಣೆ ಎನ್ನುವವರು ಎನ್ನಲಿ. ನನ್ನ ಪ್ರಕಾರ ಅದು ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರ.

ನಾನು ಅವರೊಡನೆ ವಾದಿಸದೆ ಬಿಟ್ಟ ವಾರ ನೆನಪಿಲ್ಲ. ನೋವಿನಲ್ಲಿರುವ ಮನುಷ್ಯ ಹೇಳಿದ್ದು ಅವನ ಗಟ್ಟಿ ಅಭಿಪ್ರಾಯ ಹೇಗಾಗುತ್ತದೆ ಎಂದೆ. "ಅದಕ್ಕೇ ಮೂರು ಸಲ ಕೇಳ್ತೀನಿ. ಬಂದ ದಿನ, ಆಪರೇಷನ್ ಹಿಂದಿನ ದಿನ, ನೋವು ಇಳಿದ ಮೇಲೆ. ಬುಧವಾರದ ಉತ್ತರ ಶುಕ್ರವಾರಕ್ಕೆ ಹಳಸಿರುತ್ತೆ." ಕಾನೂನಿನಲ್ಲಿ ಇದಕ್ಕೆ ಸಾಕ್ಷಿ, ಸಮಿತಿ, ಕಾಗದ ಎಂದೆಲ್ಲ ಇದೆ, ನಿಮ್ಮ ಈ ಮೀನಿನ ಸಾಲು ಎಲ್ಲಿ ನಿಲ್ಲುತ್ತದೆ ಎಂದೆ. "ಕಾನೂನಿಗೆ ನಿಲ್ಲಲ್ಲ. ನೀನು ನಿಂತ್ಕೊಂಡು ಓದಿದ್ರೆ ಸಾಕು." ಕೇಳುವುದೇ ಅಪಶಕುನ ಎಂದು ಜನ ತಿಳಿಯುತ್ತಾರಲ್ಲ ಎಂದೆ. "ಜನ ಅಲ್ಲ, ಜನರ ಮಕ್ಕಳು. ಮುದುಕರು ಎಲ್ಲಾ ಯೋಚನೆ ಮಾಡೇ ಇಟ್ಟಿರ್ತಾರೆ. ಕೇಳೋರಿಲ್ಲ ಅಷ್ಟೆ. ಮಕ್ಕಳು ಎದುರಿಗಿದ್ರೆ ಬಾಯಿ ಬಿಡಲ್ಲ. ಅದಕ್ಕೇ ಬಿಸಿನೀರು."

ಈ ಕೊನೆಯ ಉತ್ತರದಲ್ಲಿ ಒಂದು ತೂತು ಇತ್ತು. ಆಗ ನನಗೆ ಕಾಣಲಿಲ್ಲ.

ಅದು ಕಂಡದ್ದು ಮಾರನಹಳ್ಳಿಯ ಗೌಡರ ದೆಸೆಯಿಂದ. ಹೆದ್ದಾರಿಯ ಮಗ್ಗುಲಲ್ಲಿ, ಶಿರಾಡಿ ಘಾಟಿ ಇಳಿಯಲು ಶುರುವಾಗುವಲ್ಲಿ ಅವರು ಬಹಳ ಕಾಲ ಪಂಕ್ಚರ್ ಅಂಗಡಿ ಇಟ್ಟಿದ್ದವರು. ಎಂಬತ್ತು ದಾಟಿತ್ತು. ಬಚ್ಚಲ ಕಲ್ಲಿನ ಮೇಲೆ ಜಾರಿದ್ದರು. ಜೊತೆಗೆ ಬಂದವಳು ಒಬ್ಬಳೇ ಮಗಳು. ಅಪ್ಪನ ಜೊತೆ ಅದೇ ಮನೆಯಲ್ಲಿರುವವಳು, ಅಂಗನವಾಡಿಯಲ್ಲಿ ಕೆಲಸ. ಅವಳ ಕೈಗೆ ಫ್ಲಾಸ್ಕ್ ಬಂತು, ಅವಳು ಕೆಳಗೆ ಹೋದಳು. ಡಾಕ್ಟರಮ್ಮ ಸ್ಟೂಲು ಎಳೆದು ಎರಡು ಪ್ರಶ್ನೆ ಕೇಳಿದರು. ನಾನು ಪಕ್ಕದಲ್ಲಿ ನಿಂತಿದ್ದೆ.

ಗೌಡರು ಮೇಲಿನ ಫ್ಯಾನು ನೋಡುತ್ತ ಕೇಳಿದರು. "ಎದೆ ಒತ್ತೋದು ಅಂದ್ರೆ ಗಾಳಿ ಹೊಡ್ದಂಗಾ?"

"ಸುಮಾರು ಹಂಗೇ ಗೌಡ್ರೆ."

"ಹಂಗಾರೆ ಕೇಳಿ. ಟೇಬಲ್ ಮೇಲೆ ನೀವು ಮೊಳೆ ಹೊಡೆಯೋವಾಗ ಇಳಿದ್ರೆ ನೀವೇ ಪ್ಯಾಚ್ ಹಾಕಿ. ಆಮ್ಯಾಕೆ ತಾನಾಗಿ ಇಳೀತು ಅಂದ್ರೆ ಟ್ಯೂಬೇ ಹಳೇದಾಗೈತೆ ಅಂತ. ಬುಟ್ಬುಡಿ."

ಶೀಟಿನಲ್ಲಿ ಅದೇ ಬರೆದದ್ದಾಯಿತು. ಮತ್ತೆರಡು ಸಲ ಕೇಳಿದಾಗಲೂ ಅದೇ ಉತ್ತರ, ಮೂರನೆಯ ಸಲ "ಎಷ್ಟು ಸಲ ಹೇಳದು, ಕಿವಿ ಮಂದವಾ?" ಎಂದರು. ಮೂರು ಸಲವೂ ಮಗಳು ಬಿಸಿನೀರು ತರಲು ಹೋಗಿದ್ದಳು. ಇಷ್ಟೊಂದು ಬಿಸಿನೀರು ಯಾಕೆ ಬೇಕು ಎಂದು ಅವಳು ಕೇಳಲಿಲ್ಲ. ಡಾಕ್ಟರಮ್ಮ ಹೇಳಿದ್ದಾರೆ, ತಂದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ನಾಲ್ಕನೆಯ ದಿನ ಮಧ್ಯಾಹ್ನ, ಊಟ ಆದ ಮೇಲೆ, ಹಾಸಿಗೆಯ ಅಂಚಿನಲ್ಲಿ ಕೂತಿದ್ದ ಗೌಡರಿಗೆ ಒಮ್ಮೆಲೇ ಉಸಿರು ಸಿಗದಾಯಿತು. ಕಾಲಿನಲ್ಲಿ ಕಟ್ಟಿದ ರಕ್ತದ ಗಡ್ಡೆ ಶ್ವಾಸಕೋಶಕ್ಕೆ ಹೋಗಿತ್ತು ಎಂದು ಆಮೇಲೆ ಅಂದಾಜು ಮಾಡಿದೆವು. ನಾನು ಓಡಿ ಹೋಗುವಷ್ಟರಲ್ಲಿ ನಾಡಿ ಇರಲಿಲ್ಲ. ಡಾಕ್ಟರಮ್ಮ ಇನ್ನೊಂದು ಆಪರೇಷನ್ನಿನಲ್ಲಿದ್ದರು. ರೋಗಿಯನ್ನು ಬಿಟ್ಟು ಅವರು ಬರುವಂತಿರಲಿಲ್ಲ. ವಾರ್ಡಿನಲ್ಲಿ ವೈದ್ಯ ಅಂದರೆ ನಾನು.

ಮಗಳು ನನ್ನ ಅಂಗಿ ಹಿಡಿದಳು. "ಏನಾರಾ ಮಾಡಿ ಸಾ! ಯಾಕೆ ನಿಂತ್ಕಂಡಿದೀರಿ? ನಿಂತ್ಕಂಡು ಏನು ನೋಡ್ತಿದೀರಿ?"

ನಾನು ನಿಂತುಕೊಂಡು ಎರಡೂ ಪಕ್ಷವನ್ನು ವಾದಿಸುತ್ತಿದ್ದೆ. ಶೀಟಿನಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು, ನಾನೇ ಪಕ್ಕದಲ್ಲಿದ್ದೆ. ಆದರೆ ಅಂಗಿ ಹಿಡಿದಿದ್ದವಳಿಗೆ ಗೊತ್ತಿರಲಿಲ್ಲ. ಅವಳಿಗೆ ಹೇಳಲು ಒಂದು ನಿಮಿಷ ಬೇಕಿತ್ತು. ಒತ್ತುವುದಾದರೆ ಆ ಒಂದು ನಿಮಿಷ ಇರಲಿಲ್ಲ. ಇದು ನನ್ನ ಪರ ನಾನು ಮಾಡಬಹುದಾದ ಅತ್ಯುತ್ತಮ ವಾದ, ಅದಷ್ಟು ಚೆನ್ನಾಗಿಲ್ಲ. ನಿಜ ಹೇಳಬೇಕೆಂದರೆ ನನಗೆ ಆ ಹೆಂಗಸಿನ ಭಯವಾಯಿತು. ಒತ್ತಿದೆ.

ಪಕ್ಕೆ ಮೂಳೆ ಮುರಿದದ್ದು ಕಿವಿಗಲ್ಲ, ಅಂಗೈಗೆ ಕೇಳಿಸಿತು. ಬಹಳ ಹೊತ್ತಿನ ಮೇಲೆ ನಾಡಿ ಬಂತು. ಸಿಸ್ಟರ್ ನಿಟ್ಟುಸಿರು ಬಿಟ್ಟರು. ಮಗಳು ನನ್ನ ಕಾಲು ಮುಟ್ಟಲು ಬಂದಳು. ನನಗೆ ಗೆದ್ದ ಹಾಗೇ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಅರ್ಧ ಗಂಟೆಯ ನಂತರ ಡಾಕ್ಟರಮ್ಮ ಬಂದು ಮಾನಿಟರ್ ನೋಡಿದರು, ಗೌಡರ ರೆಪ್ಪೆ ಎತ್ತಿ ಟಾರ್ಚ್ ಬಿಟ್ಟು ನೋಡಿದರು.

"ಎದೆ ಬಂತು. ಗೌಡ್ರು ಬಂದ್ರಾ?"

ಗೌಡರು ಬರಲಿಲ್ಲ. ನಮ್ಮಲ್ಲಿದ್ದ ಒಂದೇ ವೆಂಟಿಲೇಟರಿನಲ್ಲಿ ಒಂಬತ್ತು ದಿನ ಇದ್ದರು. ಮೂರನೆಯ ದಿನ ಡಾಕ್ಟರಮ್ಮ ಮಗಳನ್ನು ಕೂರಿಸಿಕೊಂಡು ಕೇಸ್ ಶೀಟು ಓದಿ ಹೇಳಿದರು. ಅವಳು ಓದಿಸಿಕೊಂಡು, ತಾನೂ ಇಸಿದುಕೊಂಡು ಓದಿದಳು.

"ಅಪ್ಪನ ಮಾತೇ ಇದು," ಎಂದಳು. "ನಾನೆಲ್ಲಿದ್ದೆ ಅವಾಗ?"

"ಬಿಸಿನೀರಿಗೆ ಕಳಿಸಿದ್ದೆ."

"ಮೂರು ಸಲಾನೂವಾ?"

"ಮೂರು ಸಲಾನೂ."

"ನಂಗೊಂದು ಮಾತು ಹೇಳಿದ್ರೆ ಈ ಸಾರ್‌ನ ಅಂಗಿ ಹಿಡೀತಿದ್ನಾ ನಾನು?"

ಡಾಕ್ಟರಮ್ಮ ಜೇಬಿಗೆ ಕೈ ಹಾಕಿದರು, ಏಲಕ್ಕಿ ತೆಗೆಯಲಿಲ್ಲ, ಕೈ ಹಾಗೇ ಇಟ್ಟುಕೊಂಡರು.

ಆ ಸಂಜೆ ಡ್ಯೂಟಿ ರೂಮಿನಲ್ಲಿ ನಾನು ಬಿಡಲಿಲ್ಲ. "ಮೇಡಂ, ರೋಗಿ ಬಾಯಿ ಬಿಡಲಿ ಅಂತ ಮನೆಯವರನ್ನ ಹೊರಗೆ ಕಳಿಸ್ತೀರಿ, ಸರಿ. ಆದರೆ ಆ ಮಾತು ಕೆಲಸಕ್ಕೆ ಬರೋ ಹೊತ್ತಿಗೆ ರೋಗಿ ಮಾತಾಡೋ ಸ್ಥಿತೀಲಿ ಇರಲ್ಲ. ಮಾತಾಡೋರು ಮನೆಯವರೇ. ಯಾರು ಕೇಳಿಸಿಕೊಳ್ಳಬೇಕಿತ್ತೋ ಅವರನ್ನೇ ನೀವು ಕ್ಯಾಂಟೀನಿಗೆ ಕಳಿಸಿದಿರಿ. ಗೌಡರ ಗುಟ್ಟನ್ನ ಕಾಪಾಡಿದಿರಿ, ಮಾತನ್ನ ಕಾಪಾಡಲಿಲ್ಲ."

ಅವರು ಪೂರ್ತಿ ಕೇಳಿದರು. ನನ್ನ ವಾದವನ್ನು ಅವರು ಮಧ್ಯೆ ತಡೆಯದೆ ಕೇಳಿದ್ದು ಅದೇ ಮೊದಲು.

"ಸರಿ," ಎಂದರು. "ತಪ್ಪು ನಂದು." ಆಮೇಲೆ, "ನೀನು ಆ ಶೀಟು ಓದಿದ್ದೆ ತಾನೆ?"

"ಓದಿದ್ದೆ."

"ಓದಿದ್ದೂ ಒತ್ತಿದೆ."

"ಹೌದು."

"ಹಂಗಾದ್ರೆ ತಪ್ಪು ಇಬ್ರದ್ದೂ. ಗೌಡ್ರು ಮಾತ್ರ ಏನೂ ತಪ್ಪು ಮಾಡಿಲ್ಲ, ಅನುಭವಿಸ್ತಿರೋರು ಅವ್ರೇ. ನಡಿ, ಊಟ ಮಾಡು."

ಒಂಬತ್ತನೆಯ ದಿನ ಮಗಳು ಅಪ್ಪನನ್ನು ಮನೆಗೆ ಕರೆದೊಯ್ಯುವುದಾಗಿ ಹೇಳಿದಳು. ನಮ್ಮ ಕಡೆ ಇದಕ್ಕೆ ಒಂದು ಕ್ರಮವಿದೆ. ಹೊರಗೆ ಜೀವ ಹೋದವರನ್ನು ಮನೆಯ ಒಳಗೆ ತರುವುದಿಲ್ಲ, ಅಂಗಳದಲ್ಲೇ ಮಲಗಿಸುತ್ತಾರೆ. ಆದ್ದರಿಂದ ಉಸಿರು ಇರುವಾಗಲೇ ಹೊಸ್ತಿಲು ದಾಟಿಸಬೇಕು. ಗೌಡರ ಸ್ವಂತ ಉಸಿರು ಅಲ್ಲೊಂದು ಇಲ್ಲೊಂದು ಬರುತ್ತಿತ್ತು, ಅಷ್ಟೆ. ಹಾಗಾಗಿ ಬಾಯಿಯ ಕೊಳವೆಗೆ ರಬ್ಬರಿನ ಚೀಲ ಸಿಕ್ಕಿಸಿ, ಯಾರಾದರೂ ಅದನ್ನು ಅಮುಕುತ್ತ ಆಂಬ್ಯುಲೆನ್ಸಿನಲ್ಲಿ ಜೊತೆಗೆ ಹೋಗಬೇಕು. ಸಾಮಾನ್ಯವಾಗಿ ವಾರ್ಡ್ ಬಾಯ್ ಹೋಗುತ್ತಾನೆ. ಅವತ್ತು ಡಾಕ್ಟರಮ್ಮ ಹತ್ತಿದರು. ಹತ್ತಿ ನನ್ನ ಕಡೆ ನೋಡಿದರು. "ಶುರು ಮಾಡಿದೋನು ನೀನು. ಬಾ." ಬಿಡುಗಡೆಯ ಕಾಗದದಲ್ಲಿ ‘ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದಾರೆ’ ಎಂದು ಬರೆದಿತ್ತು. ಸಲಹೆ ಕೊಡಬೇಕಾದ ವೈದ್ಯರಿಬ್ಬರೂ ಗಾಡಿಯ ಒಳಗೆ ಕೂತಿದ್ದೆವು.

ಸಕಲೇಶಪುರದಿಂದ ಮಾರನಹಳ್ಳಿಯ ತನಕ ರಸ್ತೆ ಕೆಲಸ, ಮುಂದೆ ಲಾರಿಗಳ ಸಾಲು. ಚೀಲ ನನ್ನ ಕೈಯಲ್ಲಿತ್ತು. ಅವರು ಒಮ್ಮೆಯೂ ಇಸಿದುಕೊಳ್ಳಲಿಲ್ಲ. ಬೆಳಗಿನ ಹನ್ನೊಂದರ ಹೊತ್ತಿಗೆ ಗೌಡರನ್ನು ನಡುಮನೆಯ ಚಾಪೆಯ ಮೇಲೆ ಮಲಗಿಸಿದೆವು. ಬಂದವರೆಲ್ಲ ಒಬ್ಬೊಬ್ಬರಾಗಿ ತುಳಸಿಯ ಎಲೆಯಿಂದ ತುಟಿಗೆ ನೀರು ಮುಟ್ಟಿಸಿದರು. ನಾನು ಅಮುಕುತ್ತಲೇ ಇದ್ದೆ.

"ಇನ್ನೊಂದು ಗಳಿಗೆ ಸಾ," ಎಂದರು ಹಿರಿಯರೊಬ್ಬರು. "ದೋಣಿಗಾಲಿಂದ ಗೌಡ್ರ ತಮ್ಮ ಬತ್ತಾವ್ನೆ."

ತಮ್ಮ ಬಂದರು, ಹೆಲ್ಮೆಟ್ ಹಾಕಿಕೊಂಡೇ ಅತ್ತರು.

"ತಮ್ಮನ ಮಗಳು ಬಸ್ ಹತ್ತವ್ಳಂತೆ ಸಾ."

ನನ್ನ ಬೆರಳು ಸೆಟೆದುಕೊಳ್ಳುತ್ತಿದ್ದವು. ಡಾಕ್ಟರಮ್ಮನ ಕಡೆ ನೋಡಿದೆ. ಅವರು ಗೋಡೆಗೆ ಒರಗಿ ಕೂತಿದ್ದರು.

"ಕೈ ನೋಯ್ತಿದ್ಯಾ?"

"ಹೌದು ಮೇಡಂ."

"ಕೈ ನೋಯುತ್ತೆ ಅಂತ ನಿಲ್ಲಿಸಬಾರದು. ಬಸ್ ಬರುತ್ತೆ ಅಂತ ಮುಂದುವರಿಸೋದೂ ತಪ್ಪು. ಮಗಳನ್ನ ಕೇಳು."

ಮಗಳು ಒಳಗಿಂದ ಬಂದು ಅಪ್ಪನ ತಲೆಯ ಹತ್ತಿರ ಕೂತಿದ್ದಳು. ಕೇಳಿದೆ. "ಅಕ್ಕ, ನಿಲ್ಲಿಸಲಾ?"

ಅವಳು ನನ್ನ ಮುಖ ನೋಡಲಿಲ್ಲ. ಅಪ್ಪನ ಹೊದಿಕೆ ಸರಿಮಾಡಿದಳು. "ನನ್ನ ಯಾಕೆ ಕೇಳ್ತೀರಿ ಸಾ? ಅಪ್ಪ ಅವತ್ತೇ ಹೇಳವ್ರಲ್ಲ."

ನಾನು ಕೈ ತೆಗೆದೆ. ಗೌಡರು ತಾವಾಗಿಯೇ ಇನ್ನೂ ಸ್ವಲ್ಪ ಹೊತ್ತು ಉಸಿರಾಡಿದರು, ಅವಸರವಿಲ್ಲದೆ. ಆಮೇಲೆ ನಿಲ್ಲಿಸಿದರು. ಯಾರೂ ಯಾರ ಅಂಗಿಯನ್ನೂ ಹಿಡಿಯಲಿಲ್ಲ.

ವಾಪಸು ಬರುವಾಗ ಅವರು ಡ್ರೈವರಿಗೆ ನಿಧಾನ ಹೋಗು ಎಂದದ್ದು ಬಿಟ್ಟರೆ ನನಗೆ ಹೇಳಿದ್ದು ಒಂದೇ ಮಾತು: "ನಾಳೆ ಎಂಟಕ್ಕೆ ಬಾ. ಹೊಸ ಕೇಸ್ ಇದೆ."

ಹೊಸ ಕೇಸು ಆಲೂರು ಕಡೆಯ ಒಬ್ಬ ಅಜ್ಜಿ. ಸುತ್ತ ಮೂವರು ಗಂಡುಮಕ್ಕಳು. ಹಿರಿಯವನು ಆಗಲೇ ಫ್ಲಾಸ್ಕ್ ಹಿಡಿದು ನಿಂತಿದ್ದ. ಪಕ್ಕದ ಹಾಸಿಗೆಯವರು ಹೇಳಿಕೊಟ್ಟಿದ್ದರೋ ಏನೋ. "ಅದನ್ನ ಕೆಳಗಿಡಪ್ಪ," ಎಂದರು ಡಾಕ್ಟರಮ್ಮ. "ನಿಮ್ಮವ್ವನ ಹತ್ರ ಮೊದಲು ನಾವಷ್ಟೇ ಮಾತಾಡ್ತೀವಿ, ಬಾಗಿಲ ಹೊರಗೆ ನಿಂತಿರಿ. ಆಮೇಲೆ ಕರೀತೀವಿ, ಅವ್ರು ಹೇಳಿದ್ದನ್ನ ಅವ್ರ ಬಾಯಲ್ಲೇ ಮೂವರೂ ಕೇಳಿಸ್ಕೊಬೇಕು. ಕೇಳಿಸ್ಕೊಂಡು ಹೂಂ ಅನ್ನೋ ತನಕ ಯಾವ ಬೆನ್ನಿಗೂ ಸೂಜಿ ಹಾಕಲ್ಲ." ಅಷ್ಟು ಹೇಳಿ ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು. "ಕೂತ್ಕೋ. ನೀನು ಕೇಳು."

ಕೂತೆ. ಅಜ್ಜಿಯ ಕಣ್ಣು ನನ್ನ ಕಣ್ಣಿನ ಮಟ್ಟಕ್ಕೆ ಬಂತು. ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರು ಮಾಡಿದರು: "ಯಾವೂರಪ್ಪ ನಿಂದು? ಯಾರ ಮಗ?" ಆಲೂರು ಎಂದೆ. ಆಲೂರಲ್ಲಿ ಎಲ್ಲಿ, ಅಪ್ಪನ ಹೆಸರೇನು, ಅಪ್ಪನ ಅಪ್ಪ ಯಾರು, ಅವರ ಮನೆಗೆ ಹೆಣ್ಣು ತಂದದ್ದು ಎಲ್ಲಿಂದ. ಆಪರೇಷನ್ ರೂಮಿನಿಂದ ಮೂಳೆ ಡಾಕ್ಟರ ಫೋನು ಬಂತು, ಮತ್ತೆ ಬಂತು. ಡಾಕ್ಟರಮ್ಮ ಕಿಟಕಿಗೆ ಒರಗಿ ಏಲಕ್ಕಿ ಸುಲಿಯುತ್ತಿದ್ದರು, ಫೋನು ಎತ್ತಲಿಲ್ಲ. ನನ್ನ ವಂಶದ ವಿಚಾರಣೆ ಮುಗಿದು ಪೂರ್ತಿ ತೃಪ್ತಿಯಾದ ಮೇಲೆ ಅಜ್ಜಿ, "ಹ್ಞೂಂ, ಈಗ ಕೇಳು" ಎಂದರು.

ಎರಡೂ ಪ್ರಶ್ನೆ ಕೇಳಿದೆ. ಆಮೇಲೆ ಮಕ್ಕಳನ್ನು ಒಳಗೆ ಕರೆದೆವು. ಕಿರಿಯವನು "ಎಲ್ಲಾ ಮಾಡಿ ಸಾ, ಏನೇ ಆದ್ರೂ..." ಎಂದು ಶುರು ಮಾಡಿದ. ಅಜ್ಜಿ ಕೈ ಎತ್ತಿದರು. "ನೀನು ಸುಮ್ಕಿರ್ಲಾ. ಅವ್ರು ಕೇಳಿದ್ದು ನನ್ನ." ಆಮೇಲೆ ಮೂವರ ಮುಖವನ್ನೂ ಒಂದೊಂದಾಗಿ ನೋಡುತ್ತ ಇನ್ನೊಮ್ಮೆ ಹೇಳಿದರು. ನಡುವಿನವನು ಅತ್ತ. ಹಿರಿಯವನು ಹೂಂ ಅನ್ನಲು ಬಹಳ ಹೊತ್ತು ತೆಗೆದುಕೊಂಡ, ಆದರೆ ಅಂದ.

ಅಜ್ಜಿ ಏನೆಂದರು ಎಂದು ಇಲ್ಲಿ ಬರೆಯುವುದಿಲ್ಲ. ಅವರ ಮಾತಿನಲ್ಲೇ, ನನ್ನ ಕೈಬರಹದಲ್ಲಿ, ಅವರ ಶೀಟಿನಲ್ಲಿದೆ. ಮೂವರು ಮಕ್ಕಳಿಗೂ ಗೊತ್ತು. ಗೊತ್ತಿರಬೇಕಾದವರು ಅವರೇ.